ಹೆದರಿದ ಮರ

ಬೆಳಿಗ್ಗೆ ಬಂದವನೇ ಮಾಲಿ ಮೊದಲು ಹುಡುಕಿದ್ದು ಬೆಂಕಿಕಡ್ಡಿಯನ್ನು. ಮರದ ಬುಡಕ್ಕೂ ಕಾಂಪೌಂಡ್ ಗೋಡೆಗೂ ನಡುವೆ ನೆಲ ಬಿರಿದುಕೊಂಡಿತ್ತು. ಹಿಂದಿನ ಸಂಜೆ ಅವನೇ ಆ ಬಿರುಕಿಗೆ ಅಡ್ಡಲಾಗಿ ಕಡ್ಡಿಯೊಂದನ್ನು ಸಿಕ್ಕಿಸಿ ಹೋಗಿದ್ದ; ಎರಡು ಕಡೆಯ ಮಣ್ಣೂ ಕಚ್ಚಿ ಹಿಡಿದು ಅದು ಬಿಗಿಯಾಗಿ ನಿಂತಿತ್ತು. ಈಗ ಕಡ್ಡಿ ಇರಲಿಲ್ಲ. ಮಂಡಿಯೂರಿ, ಕೆನ್ನೆಯನ್ನು ನೆಲಕ್ಕೆ ತಾಗಿಸಿ ಒಂದು ಕಣ್ಣು ಮುಚ್ಚಿ ನೋಡಿದ. ಗೇಣುದ್ದ ಕೆಳಗೆ, ಕತ್ತಲಲ್ಲಿ, ಅದರ ತಲೆಯ ಮದ್ದು ಒಂದು ಚುಕ್ಕೆಯ ಹಾಗೆ ಕಂಡಿತು. ಬಿರುಕು ಅಗಲವಾಗಿ ಕಡ್ಡಿ ಒಳಗೆ ಬಿದ್ದುಹೋಗಿದೆ. ಎಷ್ಟು ಅಗಲವೆಂದು ನೋಡಲು ಹೆಬ್ಬೆರಳನ್ನು ಒಯ್ದವನು ಅರ್ಧಕ್ಕೇ ಕೈ ಎಳೆದುಕೊಂಡ. ಬೆರಳು ಒಳಗೆ ಹೋಗಿಬಿಟ್ಟರೆ ಆಮೇಲೆ ಗೊತ್ತಿಲ್ಲ ಅನ್ನುವ ಹಾಗಿಲ್ಲ. ಗೊತ್ತಿಲ್ಲ ಎಂಬುದೊಂದನ್ನು ಹಿಡಿದುಕೊಂಡೇ ಅವನು ಒಂದು ವಾರದಿಂದ ಅನ್ನ ಉಣ್ಣುತ್ತಿದ್ದ.

ಎದ್ದು ಮೊಣಕಾಲಿನ ಮಣ್ಣು ಒದರಿಕೊಂಡ. ಗೇಟಿನ ಹತ್ತಿರ ಕಾವಲುಗಾರ ಈ ಕಡೆಗೆ ಬೆನ್ನು ಹಾಕಿ ಕೂತು ಚಹಾ ಊದುತ್ತಿದ್ದ. ಮಾಲಿ ಪೊರಕೆ ತಗೊಂಡು ರಾತ್ರಿ ಉದುರಿದ ಹೂವನ್ನೆಲ್ಲ ಗುಡಿಸಿದ; ಬುಟ್ಟಿಗಲ್ಲ, ಬಿರುಕಿನ ಮೇಲಕ್ಕೆ. ಇಪ್ಪತ್ತೆಂಟು ವರ್ಷದಿಂದ ಈ ಕಣ್ಣಾಸ್ಪತ್ರೆಯ ಅಂಗಳ ಗುಡಿಸಿದವನು, ಗುಡಿಸಿ ಏನನ್ನಾದರೂ ಮುಚ್ಚಿದ್ದು ಈ ವಾರವೇ ಮೊದಲು. ತಲೆಯೆತ್ತಿ ನೋಡುವ ಧೈರ್ಯ ಬರಲಿಲ್ಲ. ನೋಡದಿದ್ದರೂ ಗೊತ್ತಿತ್ತು: ಎಲೆ ಇರಬೇಕಾದ ಕಡೆ ಹೂವು, ಹೂವು ಬಿಡಬಾರದ ಮುದಿ ಕೊಂಬೆಯ ಗಂಟಿನಲ್ಲೂ ಹೂವು. ಗುಲ್‌ಮೊಹರ್ ಮರ ಹೂ ಬಿಡುವುದನ್ನು ಎಲ್ಲರೂ ನೋಡಿದ್ದಾರೆ, ಆದರೆ ಈ ಪರಿ ಬಿಟ್ಟದ್ದನ್ನು ಯಾರೂ ನೋಡಿರಲಿಲ್ಲ. ದಾರಿಯಲ್ಲಿ ಹೋಗುವವರು ಗಾಡಿ ನಿಲ್ಲಿಸಿ ನೋಡುತ್ತಿದ್ದರು. ಇಷ್ಟು ಹೂವು ಒಳ್ಳೆಯದಲ್ಲವೆಂದು ಗೊತ್ತಿದ್ದವನು ಅವನೊಬ್ಬನೇ.

ಎಂಟು ವರ್ಷ ಆ ಮರ ಒಂದು ಮೊಗ್ಗನ್ನೂ ಕಾಣಿಸಿರಲಿಲ್ಲ. ಆಸ್ಪತ್ರೆಯ ಅಡಿಗೆಮನೆಯ ಪಾತ್ರೆ ತೊಳೆದ ನೀರು ಅದರ ಬುಡಕ್ಕೇ ಹರಿದು ಬರುವಂತೆ ಕಾಲುವೆ ಮಾಡಿದವನೂ ಅವನೇ. ಸಣ್ಣ ಗಿಡವಾಗಿದ್ದಾಗ ಪಾಪ, ಬಾಯಾರದಿರಲಿ ಎಂದು ಮಾಡಿದ್ದು. ಆ ನೀರು ಕುಡಿದು ಕುಡಿದು ಮರ ಸೊಕ್ಕಿ, ಕೊಡೆಯ ಹಾಗೆ ಹಬ್ಬಿ, ಬರೇ ಎಲೆ, ಬರೇ ನೆರಳು. ನೆರಳಿಗೆಂದೇ ಅದರ ಕೆಳಗೆ ಅರ್ಧಚಂದ್ರದಂತೆ ಸಿಮೆಂಟಿನ ಬೆಂಚು ಕಟ್ಟಿದ್ದರು. ಕಣ್ಣಿಗೆ ಹನಿ ಹಾಕಿಸಿಕೊಂಡವರು ಅರ್ಧ ಗಂಟೆ ಕಣ್ಣು ಮುಚ್ಚಿ ಅಲ್ಲಿ ಕೂರಬೇಕು. ಬೆಳಿಗ್ಗೆ ಹತ್ತರ ಹೊತ್ತಿಗೆ ಇಪ್ಪತ್ತು, ಇಪ್ಪತ್ತೈದು ಜನ ಸಾಲಾಗಿ, ಮುಖ ಮೇಲೆತ್ತಿ, ಕಣ್ಣು ಮುಚ್ಚಿ. ಹೊಸಬರು ಯಾರಾದರೂ ಗೇಟಿನಿಂದ ನೋಡಿದರೆ ಎಲ್ಲರೂ ಏನನ್ನೋ ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಬೇಕು. ಆ ಸಾಲು ನೆನಪಾಗುತ್ತಲೇ ಮಾಲಿ ಇನ್ನೊಂದಿಷ್ಟು ಹೂವನ್ನು ಬಿರುಕಿನ ಮೇಲಕ್ಕೆ ತಳ್ಳಿದ.

ಮೇಲ್ವಿಚಾರಕರು ಚಳಿಗಾಲದಲ್ಲಿ ಅವನನ್ನು ಕರೆಸಿದ್ದರು. ಕುರ್ಚಿಯಲ್ಲಿ ಕೂತವರು ಏನೋ ಬರೆಯುತ್ತಲೇ ಇದ್ದರು. ಅವನು ತಲೆವಸ್ತ್ರ ಕೈಯಲ್ಲಿ ಹಿಡಿದು ನಿಂತೇ ಇದ್ದ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದಾಗ ಅವರು ತಲೆಯೆತ್ತದೆ "ನೆಟ್ಟಗೆ ನಿಲ್ಲಯ್ಯ, ನಿನ್ನ ಮರ ಒಂದು ವಾಲಿದ್ದು ಸಾಕು" ಅಂದರು. ಆಗ ಮರ ವಾಲಿರಲಿಲ್ಲ. ಅದು ಬೆಳೆದ ರೀತಿಯೇ ಹಾಗೆ, ಬೆಂಚಿನ ಕಡೆಗೆ ಸ್ವಲ್ಪ ಬಾಗಿ, ಮಾತಾಡಿಸುವವರ ಹಾಗೆ. ಮೇಲ್ವಿಚಾರಕರೇ ಮುಂದುವರಿಸಿದರು. "ಹೂವಿಲ್ಲ, ಹಣ್ಣಿಲ್ಲ. ಗೋಡೆ ಬೇರೆ ಸೀಳ್ತಾ ಇದೆ ಅದರ ಬೇರು. ಈ ಬೇಸಿಗೆ ಒಂದು ನೋಡ್ತೀನಿ. ಹೂ ಬಿಡಲಿಲ್ಲ ಅಂದ್ರೆ ಕಡಿಸಿ ಸ್ಕೂಟರ್ ನಿಲ್ಲಿಸೋಕೆ ಶೆಡ್ ಹಾಕಿಸ್ತೀನಿ. ಮಾಲಿ ಇದ್ದೂ ಹೂವಿಲ್ಲ ಅಂದ್ಮೇಲೆ ಮಾಲಿ ಯಾಕೆ, ಹೇಳು." ಅವನು "ಆಗಲಿ ಸಾಹೇಬ್ರೇ" ಅಂದು ಹೊರಗೆ ಬಂದ. ಏನು ಆಗಲಿ ಅಂದೆ ಎಂಬುದು ಮೆಟ್ಟಿಲಿಳಿಯುವವರೆಗೂ ಅವನಿಗೇ ತಿಳಿದಿರಲಿಲ್ಲ.

ಅವನಿಗೆ ಕೆಲಸ ಕಲಿಸಿದವನು ಗಡ್ಡದಜ್ಜ. ಒಂದು ಅಕ್ಷರ ಬರದವನು, ಆದರೆ ಗಿಡದ ಎಲೆ ಮುಟ್ಟಿ ಅದಕ್ಕೆ ಏನು ಬೇಕೆಂದು ಹೇಳುತ್ತಿದ್ದ. "ಹೊಟ್ಟೆ ತುಂಬಿದ ಮರ ಎಲೆ ಬಿಡುತ್ತೆ ಕಣೋ. ಹೂವು ಬೇಕಂದ್ರೆ ಅದನ್ನ ಸ್ವಲ್ಪ ಹೆದರಿಸಬೇಕು. ಸತ್ತೇ ಹೋಗ್ತೀನೇನೋ ಅಂತ ಅದಕ್ಕೆ ಅನ್ನಿಸಬೇಕು. ಆಗ ಇರೋ ಬರೋದನ್ನೆಲ್ಲ ಹೂವಿಗೆ ಸುರಿಯುತ್ತೆ." ಹೇಗೆ ಹೆದರಿಸುವುದೆಂದೂ ತೋರಿಸಿದ್ದ. ಬುಡದಿಂದ ಹತ್ತು ಹೆಜ್ಜೆ ದೂರ ಹೋಗಿ ಗುದ್ದಲಿ ಹಾಕಬೇಕು. ಬೆರಳಿನಷ್ಟು ದಪ್ಪದ ಬೇರು ನಾಲ್ಕೈದು ಕಡಿದರೆ ಸಾಕು; ಮಣ್ಣು ಮುಚ್ಚಿ ಸುಮ್ಮನೆ ಬಂದುಬಿಡಬೇಕು. "ಗಾಳಿ ಬರೋ ದಿಕ್ಕಿನ ಬೇರು ಮಾತ್ರ ಮುಟ್ಟಬೇಡ. ಅದು ಬೇರಲ್ಲ, ಹಗ್ಗ. ಮರ ಅದನ್ನ ಹಿಡ್ಕೊಂಡು ನಿಂತಿರುತ್ತೆ." ಆಮೇಲೆ ಅಜ್ಜ ಬೀಡಿಯ ಬೂದಿ ಉದುರಿಸಿ ನಕ್ಕಿದ್ದ. "ಹೆದರಿಸೋನು ತಾನು ಹೆದರಿರಬಾರದು. ಹೆದರಿದೋನ ಕೈಗೆ ಅಳತೆ ಇರಲ್ಲ." ಆ ಮಾತು ಮಾಲಿಗೆ ಆಗ ತಮಾಷೆಯಾಗಿ ಕೇಳಿಸಿತ್ತು. ನಲವತ್ತು ವರ್ಷ ಅದು ಎಲ್ಲೋ ಮೂಲೆಯಲ್ಲಿ ಬಿದ್ದಿತ್ತು. ಈಗ ದಿನಾ ಬೆಳಿಗ್ಗೆ ಎದ್ದ ಕೂಡಲೆ ಎದುರಿಗೆ ಬಂದು ಕೂರುತ್ತದೆ.

ರಜಾ ದಿನದ ಮಧ್ಯಾಹ್ನ, ಅಂಗಳದಲ್ಲಿ ಒಂದು ನರಪಿಳ್ಳೆ ಇಲ್ಲದಾಗ, ಗೋಡೆಯ ಕಡೆಗೆ ಅವನು ಗುದ್ದಲಿ ಹಾಕಿದ. ಒಂದೇ ಏಟಿಗೆ ಗೋಡೆಯನ್ನೂ ಉಳಿಸಿ ಹೂವನ್ನೂ ತರಿಸಬಹುದೆಂಬ ಲೆಕ್ಕ. ಗೋಡೆಯ ಆಚೆ ಬಯಲು. ಗಾಳಿ ಬರುವುದು ಅಲ್ಲಿಂದಲೇ. ಅದು ಅವನಿಗೆ ಗೊತ್ತಿತ್ತು. ಗುದ್ದಲಿ ಎತ್ತಿದಾಗಲೂ ಗೊತ್ತಿತ್ತು. ಬುಡದಿಂದ ಹತ್ತು ಹೆಜ್ಜೆ ಎಲ್ಲಿಂದ ಬರಬೇಕು, ಗೋಡೆಯೇ ಎರಡು ಹೆಜ್ಜೆಯಲ್ಲಿತ್ತು. ಮೊದಲು ಸಿಕ್ಕಿದ್ದು ತೋಳಿನಷ್ಟು ದಪ್ಪದ್ದು. ಇದೊಂದೇ ಸಾಕು ಅಂದುಕೊಂಡ. ಅದನ್ನು ಕಡಿದ ಮೇಲೆ, ಇಷ್ಟಕ್ಕೆ ಹೆದರದಿದ್ದರೆ ಎಂಬ ಯೋಚನೆ ಬಂತು. ಮೇಲ್ವಿಚಾರಕರ ಪೆನ್ನು ಕಾಗದದ ಮೇಲೆ ಹರಿಯುವ ಸದ್ದು ಕಿವಿಯಲ್ಲಿ ಕೇಳಿಸಿತು. ಇನ್ನೂ ಕೆಳಗೆ ಅಗೆದ. ಅಲ್ಲಿ ತೊಡೆಯಷ್ಟು ದಪ್ಪದ ಬೇರು, ಮಲಗಿದ ದನದ ಬೆನ್ನಿನ ಹಾಗೆ, ಒದ್ದೆಯಾಗಿ ಹೊಳೆಯುತ್ತಿತ್ತು. ಕೊಡಲಿ ಬಿದ್ದಾಗ ಅದು ಸದ್ದು ಮಾಡಲಿಲ್ಲ. ಇಡೀ ಮರ ಮಾತ್ರ ಮೇಲಿಂದ ಒಂದು ಸಲ, ಗಾಳಿಯಿಲ್ಲದೆ, ಅಲುಗಿತು. ತುದಿಯ ಒಣಕಡ್ಡಿಗಳು ಒಂದಕ್ಕೊಂದು ತಾಗಿ ಗಲಗಲ ಅಂದವು. ಅವನು ನಿಲ್ಲಿಸಬಹುದಿತ್ತು. ಅರ್ಧ ಕಡಿದು ಬಿಟ್ಟರೆ ಕೊಳೆಯುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ಪೂರ್ತಿ ಕಡಿದ.

ಕಡಿದ ತುಂಡುಗಳನ್ನು ಗೋಣಿಚೀಲದಲ್ಲಿ ತುಂಬಿ ಮನೆಗೆ ಒಯ್ದು ಒಣಗಿಸಿ ಸ್ನಾನದ ನೀರಿನ ಒಲೆಗೆ ಹಾಕಿದ. ಹೆಂಡತಿ ಊದುಕೊಳವೆ ಹಿಡಿದು ಕೂತಿದ್ದಳು. "ಇದೆಂಥ ಸೌದೆ ತಂದ್ರಿ, ಬರೀ ಹೊಗೆ" ಅಂದಳು. ಅವಳು ಕೆಂಡ ಸರಿಸಲು ಕೈ ಚಾಚಿದಳು. ಇಕ್ಕುಳವಿದ್ದದ್ದು ಬಲಗಡೆ, ಅವಳ ಕೈ ಹೋದದ್ದು ನೇರ ಉರಿಗೆ. ಅವನು ರಟ್ಟೆ ಹಿಡಿದು ಎಳೆಯದಿದ್ದರೆ ಕೈ ಸುಡುತ್ತಿತ್ತು. "ಕಣ್ಣು ಕಾಣಲ್ವಾ ನಿಂಗೆ" ಎಂದು ಗದರಿದ. ಮೂರು ವರ್ಷದಿಂದ ಅವಳಿಗೆ ಅವನು ಹೇಳುತ್ತಾ ಬಂದ ಮಾತೇ ಅದು. ಲೋಟ ಉರುಳಿದಾಗ, ಅಕ್ಕಿಯಲ್ಲಿ ಕಲ್ಲು ಉಳಿದಾಗ, ಹೊಸ್ತಿಲು ಎಡವಿದಾಗ. "ಇಲ್ಲ, ಕಾಣಲ್ಲ" ಅಂದಳು ಅವತ್ತು, ಹೊಗೆಯಲ್ಲಿ ಕಣ್ಣೀರು ಒರೆಸಿಕೊಳ್ಳುತ್ತಾ, ಜಗಳದ ದನಿಯಲ್ಲಲ್ಲ. "ಆ ಕಡೆ ಕಣ್ಣು ಪೂರ್ತಿ ಹೋಗಿದೆ, ಈ ಕಡೆದು ಮಂಜು. ಹೇಳಿದ್ರೆ ನೀವು ಬೈತೀರಿ ಅಂತ ಹೇಳಿರಲಿಲ್ಲ." ಇಪ್ಪತ್ತೆಂಟು ವರ್ಷ ಕಣ್ಣಾಸ್ಪತ್ರೆಯಲ್ಲಿ ದುಡಿದವನು. ದಿನಾ ನೂರು ಜನರ ಪೊರೆ ಬಂದ ಕಣ್ಣು ನೋಡಿದವನು, ಗೇಟಿನಲ್ಲೇ ಅವರ ನಡಿಗೆ ನೋಡಿ ಯಾವ ಕಣ್ಣೆಂದು ಕಾವಲುಗಾರನ ಜತೆ ಪಂಥ ಕಟ್ಟಿ ಗೆದ್ದವನು.

ನಿನ್ನೆ ಅವಳಿಗೆ ಆಪರೇಷನ್ ಆಗಿತ್ತು. ಇವತ್ತು ಹನ್ನೊಂದಕ್ಕೆ ಪಟ್ಟಿ ಬಿಚ್ಚುತ್ತಾರೆ.

ಬಿಚ್ಚುವುದಕ್ಕೂ ಅಲ್ಲಿ ಒಂದು ರೀತಿಯಿತ್ತು. ಪಟ್ಟಿ ಬಿಚ್ಚುವ ಕೋಣೆಯ ಕಿಟಕಿ ಮರದ ಕಡೆಗೆ. ಡಾಕ್ಟರು ಪಟ್ಟಿ ತೆಗೆದು, ಕಣ್ಣು ಒರೆಸಿ, ಭುಜ ಹಿಡಿದು ಕಿಟಕಿಯ ಹತ್ತಿರ ನಿಲ್ಲಿಸಿ ಕೇಳುವರು, "ಆಚೆ ಏನು ಕಾಣುತ್ತೆ?" ಎಂಟು ವರ್ಷ ಎಲ್ಲರೂ "ಹಸಿರು, ಹಸಿರು" ಅಂದರು. ಈ ಬೇಸಿಗೆಯಲ್ಲಿ ಒಬ್ಬೊಬ್ಬರೂ ಕಿಟಕಿಯ ಸರಳು ಹಿಡಿದು ಮಾತು ಬಾರದೆ ನಿಂತುಬಿಡುತ್ತಿದ್ದರು. ಒಬ್ಬ ಮುದುಕ ಬೆಂಕಿ ಬಿದ್ದಿದೆ ಎಂದು ಕೂಗಿದನಂತೆ. ಆಮೇಲೆ ಡಾಕ್ಟರು ಒಂದು ಹೂವನ್ನು ಕೈಗೆ ಕೊಟ್ಟು ಎಸಳು ಎಣಿಸಲು ಹೇಳುವರು. ಆ ಹೂವನ್ನು ದಿನಾ ಬೆಳಿಗ್ಗೆ ಆರಿಸಿ ತಟ್ಟೆಯಲ್ಲಿಟ್ಟು ಕೊಡುವವನು ಮಾಲಿಯೇ. ಮೇಲ್ವಿಚಾರಕರು ಮರದ ಕೆಳಗೆ ನಿಂತು ಫೋಟೋ ತೆಗೆಸಿಕೊಂಡರು. ಮಾಲಿಯನ್ನೂ ಕರೆದರು, ಆಮೇಲೆ ಬಿಸಿಲು ಅಡ್ಡ ಬರುತ್ತದೆ ಎಂದು ಸ್ವಲ್ಪ ಸರಿಸಿದರು, ಸರಿಸುತ್ತಾ ಸರಿಸುತ್ತಾ ಅವನು ಫೋಟೋದಿಂದ ಹೊರಗೆ ಬಂದಿದ್ದ. "ನಿಮ್ಮ ಮರ ನೋಡಬೇಕು ನಾನು" ಎಂದು ಹೆಂಡತಿ ಮೂರು ತಿಂಗಳಿಂದ ಹೇಳುತ್ತಿದ್ದಳು. "ಊರೆಲ್ಲ ಮಾತಾಡುತ್ತೆ. ನಾನೊಬ್ಬಳೇ ನೋಡಿಲ್ಲ."

ಅವಳು ನೋಡಿಬಿಡಲಿ. ಹನ್ನೊಂದಕ್ಕೆ ನೋಡಿಬಿಡಲಿ, ಹನ್ನೊಂದೂ ಕಾಲಿಗೆ ನಾನೇ ಹೋಗಿ ಹೇಳುತ್ತೇನೆ. ಗಾಳಿ ಏಳುವುದು ಮಧ್ಯಾಹ್ನದ ಮೇಲೆ. ಹೀಗೆಂದು ಅವನು ಒಪ್ಪಂದ ಮಾಡಿಕೊಂಡಿದ್ದ. ಯಾರ ಜತೆ ಎಂದು ಕೇಳಿದರೆ ಅವನಿಗೆ ಗೊತ್ತಿಲ್ಲ.

ಎಂಟಕ್ಕೆ ಮೊದಲ ರೋಗಿಗಳು ಬಂದರು. ಮಾಲಿ ನೀರಿನ ಪೈಪು ಎಳೆದುಕೊಂಡು ಬಂದು ಬೆಂಚಿಗೆ ನೀರು ಬಿಟ್ಟ. ಕಾವಲುಗಾರ ಸೀಟಿಯನ್ನು ಬೆರಳಿಗೆ ಸುತ್ತುತ್ತಾ ನಿಂತು ನೋಡಿದ.

"ಏನಣ್ಣಾ, ಬೆಂಚಿಗೂ ನೀರು ಹಾಕಿ ಬೆಳೆಸ್ತೀಯಾ?"

"ಹಕ್ಕಿ ಗಲೀಜು ಮಾಡಿದೆ."

"ನಿನ್ನೇನೂ ಹಾಗೇ ಅಂದೆ. ಮೊನ್ನೇನೂ ಅಂದೆ. ಯಾವ ಹಕ್ಕಿಗೆ ಅಷ್ಟು ಹೊಟ್ಟೆ ಕೆಟ್ಟಿದೆ?"

ಒದ್ದೆ ಬೆಂಚು ನೋಡಿದರೆ ಜನ ವರಾಂಡದಲ್ಲಿ ಕೂರುತ್ತಾರೆ ಎಂದುಕೊಂಡಿದ್ದ. ಕೂರಲಿಲ್ಲ. ಒಬ್ಬಾಕೆ ಸೆರಗಿನಿಂದ ಒರೆಸಿದಳು. ಒಬ್ಬ ಪೇಪರು ಹಾಸಿದ, ಪಕ್ಕದವನಿಗೂ ಅರ್ಧ ಹರಿದು ಕೊಟ್ಟ. ದಾದಿ ಬಂದು ಸಾಲಾಗಿ ಹನಿ ಹಾಕುತ್ತಾ ಹೋದಳು, ಹಾಕಿದ ಹಾಗೆ ಕಣ್ಣುಗಳು ಒಂದೊಂದಾಗಿ ಮುಚ್ಚಿಕೊಂಡವು. ಮಾಲಿ ಗೋಡೆಯ ಕಡೆ ನಿಂತು ಎಣಿಸಿದ. ಹದಿನೇಳು. ಮತ್ತೆ ಎಣಿಸಿದ. ಹತ್ತೊಂಬತ್ತು. ಒಬ್ಬ ಹೆಂಗಸಿನ ಮಡಿಲಲ್ಲಿ ಕೂಸು, ಅದರ ಕಣ್ಣು ಮಾತ್ರ ತೆರೆದಿತ್ತು. ಅದು ಮಲಗಿದಲ್ಲಿಂದಲೇ ಮೇಲೆ ಹೂವು ನೋಡುತ್ತಾ ಕಾಲು ಆಡಿಸುತ್ತಿತ್ತು. ಅದೊಂದೇ ನೋಡುತ್ತಿದೆ ಅನ್ನಿಸಿ ಮಾಲಿ ಮುಖ ತಿರುಗಿಸಿದ. ವರಾಂಡದ ಗಡಿಯಾರದಲ್ಲಿ ಒಂಬತ್ತೂವರೆ. ಅವನು ಕತ್ತರಿ ತಗೊಂಡು ಬೇಲಿ ಕತ್ತರಿಸಲು ಹೋದ. ಕತ್ತರಿಸಿದ್ದನ್ನೇ ಕತ್ತರಿಸಿದ. ಚಿಕ್ಕವನಿದ್ದಾಗ ಅವನ ಅಪ್ಪ ತೊಟ್ಟಿಲು ಕಟ್ಟಿದ ಹಗ್ಗವನ್ನು ರಾತ್ರಿ ಮೂರು ಸಲ ಎದ್ದು ಎಳೆದು ನೋಡುತ್ತಿದ್ದ. ಅವ್ವ ನಗುತ್ತಿದ್ದಳು. ಅಪ್ಪನ ಮುಖ ನೆನಪಿಲ್ಲ, ಹಗ್ಗ ಎಳೆಯುವ ಆ ಕೈ ನೆನಪಿದೆ. ಅಜ್ಜ ಹೇಳಿದ್ದೂ ಹಗ್ಗವೆಂದೇ. ಹಗ್ಗ ಕಡಿದು ತೊಟ್ಟಿಲ ಕೆಳಗೆ ಊರನ್ನೆಲ್ಲ ಕೂರಿಸಿದ್ದೇನೆ.

ಹತ್ತಕ್ಕೆ ಇನ್ನೂ ಐದು ನಿಮಿಷ ಇರುವಾಗ ಗಾಳಿ ಬಂತು. ಇವತ್ತು ಅದಕ್ಕೆ ಮಧ್ಯಾಹ್ನದವರೆಗೆ ಕಾಯುವ ಮನಸ್ಸಿರಲಿಲ್ಲ. ಮೊದಲು ಬಯಲಿನ ಧೂಳು ಗೋಡೆಯ ಮೇಲೆ ಇಣುಕಿತು, ಆಮೇಲೆ ಮರದ ಇಡೀ ತಲೆ ಬೆಂಚಿನ ಕಡೆಗೆ ಹೋಗಿ, ತಿರುಗಿ ಬರಬೇಕಾದದ್ದು ಪೂರ್ತಿ ಬರಲಿಲ್ಲ. ಹೂವು ಸುರಿಯಿತು. ಕಣ್ಣು ಮುಚ್ಚಿದವರ ತಲೆ, ಹೆಗಲು, ಮಡಿಲ ಮೇಲೆಲ್ಲ ಬಿದ್ದಾಗ ಅವರು ನಕ್ಕರು. ಒಬ್ಬಾಕೆ ಕೈ ಚಾಚಿ ಹಿಡಿಯಲು ನೋಡಿದಳು. ಆ ನಗುವಿನ ಒಳಗೇ, ನೆಲದಡಿಯಿಂದ, ಬೆರಳಿನ ಗಂಟು ಮುರಿದ ಹಾಗೆ ಒಂದು ಸದ್ದು. ಬೇರೆ ಯಾರಿಗೂ ಕೇಳಿಸಲಿಲ್ಲ. ಮಾಲಿಯ ಅಂಗಾಲಿಗೆ ಕೇಳಿಸಿತು.

ಹೇಳಬೇಕಾದ ಮಾತು ಅವನ ಬಾಯಿಗೆ ಬಂದಿತ್ತು. ಬಂದ ಮಾತು ಹಲ್ಲಿನ ಹತ್ತಿರ ನಿಂತು, ಅದರ ಬದಲಿಗೆ ಬೇರೆಯದೊಂದು ಹೊರಬಿತ್ತು.

"ಹಾವು. ಏಳಿ, ಎಲ್ಲಾ ಏಳಿ. ಬೆಂಚಿನ ಕೆಳಗೆ ಹಾವು."

ಎದ್ದರು. ಅರ್ಧ ಕಣ್ಣು ತೆರೆದವರು, ತೆರೆಯಲಾರದವರು, ಒಬ್ಬರ ಅಂಗಿ ಒಬ್ಬರು ಹಿಡಿದುಕೊಂಡು, ಚಪ್ಪಲಿ ಬಿಟ್ಟು, ಪೇಪರು ಹೊಸಕಿ ವರಾಂಡಕ್ಕೆ ಓಡಿದರು. ಕೂಸಿನ ತಾಯಿಯನ್ನು ಅವನೇ ತೋಳು ಹಿಡಿದು ಎಳೆದುಕೊಂಡು ಹೋದ. ಒಂದು ಕ್ಷಣ ಅವನಿಗೆ ಹಗುರವಾಯಿತು. ಬೆಂಚು ಖಾಲಿ. ಅಷ್ಟು ಸುಲಭವಿತ್ತೇ ಇದು.

ಆದರೆ ಇಲ್ಲದ ಹಾವು ಎಷ್ಟು ಹೊತ್ತು ಇದ್ದೀತು. ಕಾವಲುಗಾರ ದೊಣ್ಣೆ ತಂದು ಬೆಂಚಿನ ಕೆಳಗೆ, ಬೇಲಿಯಲ್ಲಿ, ಹೂಕುಂಡಗಳ ಹಿಂದೆ ಬಡಿದ. ಮೇಲ್ವಿಚಾರಕರು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. "ಯಾವ ಹಾವು? ಎಷ್ಟುದ್ದ?" ಮಾಲಿ ಕೈ ಅಗಲಿಸಿ ತೋರಿಸಿದ. ಎಷ್ಟು ತೋರಿಸಬೇಕೆಂದು ತಿಳಿಯದೆ ಕೈ ಅಗಲಿಸುತ್ತಲೇ ಹೋಯಿತು. ವರಾಂಡದಲ್ಲಿ ಯಾರೋ ನಕ್ಕರು. "ಸಾಹೇಬ್ರೇ, ಹಾವೂ ಇಲ್ಲ, ಹಾವಿನ ಮಗನೂ ಇಲ್ಲ" ಎಂದು ಕಾವಲುಗಾರ ದೊಣ್ಣೆ ಊರಿ ನಿಂತ. "ಅಣ್ಣನಿಗೂ ಇವತ್ತು ಹನಿ ಹಾಕಿಸಬೇಕು." ಈಗ ಎಲ್ಲರೂ ನಕ್ಕರು. ವರಾಂಡದಲ್ಲಿ ಬಿಸಿಲು ಬಿದ್ದಿತ್ತು. ಹನಿ ಹಾಕಿದ ಕಣ್ಣಿಗೆ ಬಿಸಿಲಾಗದು. ಮೊದಲು ಪೇಪರಿನವನು ಬಂದು ಕೂತ. ಆಮೇಲೆ ಇಬ್ಬರು. ಕೂಸಿನ ತಾಯಿ ಒಂದು ಕೈಯಿಂದ ಮುಂದಿನ ಗಾಳಿಯನ್ನು ಮುಟ್ಟಿ ನೋಡುತ್ತಾ ನಿಧಾನವಾಗಿ ಬಂದಳು. ಅವನ ಹತ್ತಿರ ಬಂದಾಗ, ಯಾರೋ ಇದ್ದಾರೆ ಎಂದಷ್ಟೇ ತಿಳಿದು, "ಹೋಯ್ತಾಪ್ಪಾ ಹಾವು? ಕೂರಬಹುದಾ?" ಎಂದು ಕೇಳಿದಳು.

ಆ ಕೈಯನ್ನು ಅವನು ನೋಡಿದ. ಒಲೆಯ ಮುಂದೆ ಚಾಚಿದ್ದ ಕೈಯೂ ಹೀಗೇ ಇತ್ತು.

"ಕೂರಬೇಡ ತಾಯಿ" ಅಂದ. ದನಿ ತನ್ನದಲ್ಲ ಅನ್ನಿಸಿತು. "ಹಾವಿಲ್ಲ. ಹಾವು ಇರಲಿಲ್ಲ. ಮರ ಬೀಳುತ್ತೆ."

ಹೇಳಿದ್ದು ಸಣ್ಣಗೆ. ಆದರೂ ಅಷ್ಟು ದೂರದ ಮೆಟ್ಟಿಲ ಮೇಲೆ ನಿಂತಿದ್ದ ದೊಡ್ಡ ಸಿಸ್ಟರ್‌ಗೆ ಅದು ಕೇಳಿಸಿತು. ಆಸ್ಪತ್ರೆಯ ದಾದಿಯರಿಗೆಲ್ಲ ಹಿರಿಯಳು. ಜೋರಾಗಿ ಮಾತಾಡಿದ್ದನ್ನು ಯಾರೂ ಕೇಳಿರದವಳು. ಇಳಿದು ಬಂದಳು. "ಏನಂದೆ?"

ಅವನು ಗೋಡೆಯ ಕಡೆ ಹೋಗಿ ಮಂಡಿಯೂರಿ, ಬೆಳಿಗ್ಗೆ ತಾನೇ ಗುಡಿಸಿ ಮುಚ್ಚಿದ್ದ ಹೂವನ್ನು ಎರಡೂ ಕೈಯಿಂದ ಬಾಚಿ ಬದಿಗೆ ಹಾಕಿದ. ಬಾಚಿದಷ್ಟೂ ಕೆಂಪು. ಕೊನೆಗೆ ಬಿರುಕು ಬಾಯಿ ಬಿಟ್ಟಿತು. ಈಗ ಅದರಲ್ಲಿ ಹೆಬ್ಬೆರಳಲ್ಲ, ಅಂಗೈಯೇ ಹೋಗುತ್ತಿತ್ತು. ಅವನು ಅಂಗೈಯನ್ನು ಒಳಗಿಟ್ಟು ತೋರಿಸಿದ. "ಈ ಕಡೆ ಬೇರು ಕಡಿದಿದೀನಿ. ದೊಡ್ಡವು ಎರಡು. ಚಳಿಗಾಲದಲ್ಲಿ. ಹೂ ಬಿಡಲಿ ಅಂತ." ಮೇಲ್ವಿಚಾರಕರ ಬಾಯಿ ತೆರೆದುಕೊಂಡಿತು. "ನಾನು ಹೇಳಿದೆ ಅಂತ ನೀನು..." ಎಂದು ಶುರು ಮಾಡಿ, ಆ ಮಾತು ಎಲ್ಲಿಗೆ ಹೋಗುತ್ತದೆಂದು ಹೊಳೆದು ನಿಲ್ಲಿಸಿದರು. "ಗೊತ್ತಿದ್ದೂ ಜನರನ್ನ ಕೂರಿಸಿದ್ಯಾ?" ಅಂದಳು ದೊಡ್ಡ ಸಿಸ್ಟರ್. "ಒಂದು ವಾರದಿಂದ" ಎಂದ. ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದ್ದ. ಅವಳು ಅವನ ಮುಖವನ್ನು ಒಂದು ಸಲ ನೋಡಿ, ಕಾವಲುಗಾರನ ಕಡೆ ತಿರುಗಿದಳು. "ಸೀಟಿ ಊದು. ಅಂಗಳ ಖಾಲಿ ಮಾಡು. ಪಟ್ಟಿ ಬಿಚ್ಚೋ ಕೋಣೆಗೂ ಬೀಗ ಹಾಕು, ಇವತ್ತು ಸಂಜೆವರೆಗೆ ಆ ಕಡೆ ಯಾರೂ ಬೇಡ." ಮಾಲಿಗೆ ಬೈಗುಳ ಬೀಳಲಿಲ್ಲ. ಬೈದಿದ್ದರೆ ಅದರೊಳಗೆ ಎಲ್ಲಾದರೂ ಕೂರಬಹುದಿತ್ತು.

ಮರ ಕಡಿಯುವವರು ಹಗ್ಗ, ಏಣಿ, ಗರಗಸ ಹೊತ್ತು ಹನ್ನೆರಡಕ್ಕೆ ಬಂದರು. ಮಾಲಿ ಹೊರಗೆ ನಿಲ್ಲಲಿಲ್ಲ. ವಾರ್ಡಿನಲ್ಲಿ ಹೆಂಡತಿಯ ಮಂಚದ ಪಕ್ಕದ ಸ್ಟೂಲಿನ ಮೇಲೆ ಬಂದು ಕೂತ. ಅವಳು ಪಟ್ಟಿ ಕಟ್ಟಿದ ಮುಖವನ್ನು ಬಾಗಿಲ ಕಡೆ ತಿರುಗಿಸಿ ಕೂತಿದ್ದಳು.

"ಹನ್ನೊಂದಕ್ಕೆ ಅಂದಿದ್ರು. ಸಂಜೆ ಅಂತಾರೆ ಈಗ. ಏನಂತೆ?"

"ಗೊತ್ತಿಲ್ಲ."

"ಯಾರೋ ಹಾವು ಅಂದ್ರು."

"ಹಾವಿಲ್ಲ ಕಣೇ."

ಹೊರಗೆ ಗರಗಸ ಶುರುವಾಯಿತು. ಮೊದಲು ಮೇಲಿನ ಕೊಂಬೆ, ಸದ್ದು ತೆಳ್ಳಗಿತ್ತು. ಅವಳು ತಲೆ ಓರೆ ಮಾಡಿ ಕೇಳಿಸಿಕೊಂಡಳು. ಕಣ್ಣು ಹೋದ ಮೂರು ವರ್ಷದಲ್ಲಿ ಅವಳು ಕಲಿತಿದ್ದ ರೀತಿ ಅದು. ಅದು ಸೊಕ್ಕು ಎಂದು ಅವನು ಅಂದುಕೊಂಡಿದ್ದ. "ಮರ" ಅಂದಳು. ಕೇಳಿದ್ದಲ್ಲ, ಹೇಳಿದ್ದು. ಆಗ ಅವನು ಹೇಳಿದ. ಗಡ್ಡದಜ್ಜನಿಂದ ಹಿಡಿದು, ಗುದ್ದಲಿ, ಕೊಡಲಿ, ಗೋಣಿಚೀಲ, ಒಲೆಗೆ ಹಾಕಿದ ಸೌದೆ, ಬೆಂಕಿಕಡ್ಡಿ. ಹನ್ನೊಂದರವರೆಗೆ ಎಂದು ಮಾಡಿಕೊಂಡ ಒಪ್ಪಂದವನ್ನೂ ಹೇಳಿದ. ಹೇಳಿದ ಮೇಲೆ ಅದು ಅವಳ ತಲೆಗೆ ಕಟ್ಟಿದ ಹಾಗಾಯಿತೇನೋ ಎಂದು ಹೆದರಿ "ನಿನಗೋಸ್ಕರ ಅಂತಲ್ಲ" ಎಂದು ಸೇರಿಸಿದ. ಅದೂ ಸರಿಯಾಗಲಿಲ್ಲ.

ಅವಳ ತುಟಿಯ ತುದಿ ಸ್ವಲ್ಪ ಅಲುಗಿತು.

"ಮರಾನ ಹೆದರಿಸಿದ್ರಾ? ನೀವಾ? ಜಿರಲೆ ಬಂದ್ರೆ ಮಂಚ ಹತ್ತೋರು."

ಅವನೂ ನಗಲು ನೋಡಿದ.

"ಇಲ್ಲ, ನಿಮಗೆ ಬರುತ್ತೆ ಅದು" ಅಂದಳು, ಅದೇ ದನಿಯಲ್ಲಿ. "ಲೋಟ ಬಿದ್ದಾಗೆಲ್ಲ ನನ್ನ ಹೆದರಿಸ್ತಿದ್ರಲ್ಲ. ನಾನೂ ಹಾಗೇ ಎಲ್ಲಾನೂ ಚೆನ್ನಾಗಿ ಮಾಡಿ ಮಾಡಿ ತೋರಿಸ್ತಿದ್ದೆ. ಕಾಣ್ತಿದೆ ಅನ್ನೋ ಹಾಗೆ."

ಹೊರಗೆ ಯಾರೋ "ಹಗ್ಗ, ಹಗ್ಗ ಬಿಡಬೇಡ" ಎಂದು ಕೂಗಿದರು. ಗರಗಸ ಇನ್ನೂ ಬುಡಕ್ಕೆ ತಾಗಿರಲಿಲ್ಲ. ಮಂಚದ ಕಾಲಿನ ಮೂಲಕ, ಸ್ಟೂಲಿನ ಮೂಲಕ ನೆಲ ಒಂದು ಸಲ ಮೇಲೆದ್ದು ಕೂತಿತು. ಕಿಟಕಿಯ ಗಾಜು ಗದಗುಟ್ಟಿತು. ಆಮೇಲೆ ಬಹಳ ಹೊತ್ತು ಕೊಂಬೆ ಮುರಿಯುವ ಸಣ್ಣ ಸಣ್ಣ ಸದ್ದು, ಜನ ಚದುರಿಹೋಗುವಾಗ ಆಗುವಂಥದ್ದು. ಅವಳ ಕೈ ಹಾಸಿಗೆಯ ಮೇಲೆ ಅವನಿಗಾಗಿ ತಡಕಾಡಿತು. ಅವನು ತನ್ನ ಕೈಯನ್ನು ಅದರ ಕೆಳಗೆ ಇಟ್ಟ. ಕಾವಲುಗಾರ ಬಾಗಿಲಲ್ಲಿ ಬಂದು ನಿಂತ. ಅವನ ಸೀಟಿ ಬಾಯಿಯಲ್ಲೇ ಇತ್ತು, ತೆಗೆದು ಮಾತಾಡಿದ. "ಅಣ್ಣಾ, ತಾನಾಗಿ ಮಲಗಿಬಿಡ್ತು. ಬೆಂಚು ಎರಡು ತುಂಡು." ಮತ್ತೇನೋ ಅನ್ನಬೇಕೆಂದು ನಿಂತ. ತಮಾಷೆ ಯಾವುದೂ ಸಿಗಲಿಲ್ಲವೆಂದು ಕಾಣುತ್ತದೆ, ಹೊರಟುಹೋದ.

ಬಿದ್ದ ಮರವನ್ನು ತುಂಡು ಮಾಡಿ ಸಾಗಿಸಿದ ಮೇಲೆ, ಸಂಜೆ ಐದಕ್ಕೆ ಕೋಣೆಯ ಬೀಗ ತೆಗೆದರು. ಮಾಲಿ ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತ. ನಾಳೆ ಬೆಳಿಗ್ಗೆ ಮೇಲ್ವಿಚಾರಕರ ಕೋಣೆಗೆ ಬರಬೇಕೆಂದು ಹೇಳಿ ಕಳಿಸಿದ್ದರು; ನಾಳೆ ಎಂಬುದು ಈಗ ಬಹಳ ದೂರದ ಊರಿನ ಹಾಗೆ ಕೇಳಿಸಿತು. ಡಾಕ್ಟರು ಪಟ್ಟಿಯ ಅಂಟು ಬಿಡಿಸಿ, ಹತ್ತಿಯಿಂದ ಕಣ್ಣು ಒರೆಸಿ, ಇಷ್ಟು ವರ್ಷದ ರೂಢಿಯಂತೆ ಅವಳ ಭುಜ ಹಿಡಿದು ಕಿಟಕಿಗೆ ನಡೆಸಿದರು. ನಡೆಸಿದ ಮೇಲೆ ಅವರಿಗೇ ನೆನಪಾಗಿರಬೇಕು, ಒಂದು ಗಳಿಗೆ ತಡೆದರು. ಆದರೂ ಕೇಳಿದರು.

"ಆಚೆ ಏನು ಕಾಣುತ್ತೆ ಅಮ್ಮಾ?"

ಅವಳು ಸರಳು ಹಿಡಿದು ನೋಡಿದಳು. ನೋಡುತ್ತಲೇ ಇದ್ದಳು. ಆಪರೇಷನ್ನೂ ಕೆಟ್ಟಿತೇ, ಇದೂ ನನ್ನ ಕೈಯಿಂದಲೇ ಆಯಿತೇ ಎಂಬಂಥ ಬುಡವಿಲ್ಲದ ಹೆದರಿಕೆ ಮಾಲಿಯ ತಲೆಯೊಳಗೆ ಸುತ್ತಿತು.

"ಏನೂ ಇಲ್ಲ" ಅಂದಳು. ದೊಡ್ಡ ಸಿಸ್ಟರ್ ಡಾಕ್ಟರ ಮುಖ ನೋಡಿದಳು. "ಗೋಡೆ ಇದೆ. ಗೋಡೆಯಲ್ಲಿ ಒಂದು ಬಿರುಕು, ಮೇಲಿಂದ ಕೆಳಗಿನವರೆಗೆ. ಅದರ ಮೇಲೆ ಬರೀ ಆಕಾಶ. ತುಂಬಾ ಇದೆ ಆಕಾಶ."

ಡಾಕ್ಟರು ಬಿಟ್ಟ ಉಸಿರು ಎಲ್ಲರಿಗೂ ಕೇಳಿಸಿತು. ತಟ್ಟೆಯಲ್ಲಿ ಬೆಳಿಗ್ಗೆ ಮಾಲಿಯೇ ಇಟ್ಟಿದ್ದ ಹೂವು ಅಂಚಿನಲ್ಲಿ ಬಾಡಿ ಬಿದ್ದಿತ್ತು. ಅದನ್ನು ಎತ್ತಿ ಅವಳ ಕೈಗೆ ಕೊಟ್ಟರು. ಅವಳು ಎಸಳುಗಳನ್ನು ಮುಟ್ಟದೆ, ದೂರ ಹಿಡಿದು, ಕಣ್ಣಿನಿಂದಲೇ ಎಣಿಸಿದಳು. "ಐದು. ನಾಲ್ಕು ಕೆಂಪು. ಒಂದು ಬೆಳ್ಳಗಾಗಿದೆ, ಮೈಮೇಲೆಲ್ಲ ಚುಕ್ಕೆ." ಸ್ವಲ್ಪ ಯೋಚಿಸಿದಳು. "ಇದು ಹೆದರಿಕೊಂಡಿದೆ."

ಡಾಕ್ಟರು ನಕ್ಕು ಕಾಗದದಲ್ಲಿ ಏನೋ ಬರೆದುಕೊಂಡರು. ಅವಳು ನಗಲಿಲ್ಲ. ಹೂವನ್ನು ತಟ್ಟೆಗೆ ಹಾಕಿ, ಬಾಗಿಲ ಪಕ್ಕದ ಗೋಡೆಯ ಕಡೆಗೆ ತಿರುಗಿದಳು. ಮೂರು ವರ್ಷದಿಂದ ಅವಳ ನೋಟ ಅವನ ಕಿವಿಯ ಹತ್ತಿರವೋ ಹೆಗಲ ಹತ್ತಿರವೋ ಬಂದು ನಿಲ್ಲುತ್ತಿತ್ತು. ಅವನಿಗೆ ಅದೇ ರೂಢಿಯಾಗಿ, ಒಂದು ರೀತಿಯಲ್ಲಿ ಹಾಯಾಗಿಯೂ ಇತ್ತು. ಈಗ ಅದು ಬಂದು ನೇರ ಮುಖದ ಮೇಲೆ ಕೂತಿತು. ಕಣ್ಣು ತಪ್ಪಿಸಲು ಅವನಿಗೆ ಜಾಗ ಸಿಗಲಿಲ್ಲ. ಅವಳು ಎರಡು ಹೆಜ್ಜೆ ಹತ್ತಿರ ಬಂದು ಕೈ ಎತ್ತಿದಳು. ಹೊಡೆಯುತ್ತಾಳೆ ಅನ್ನಿಸಿತು ಅವನಿಗೆ. ಹೊಡೆಯಲಿ ಎಂದೂ ಅನ್ನಿಸಿ, ಗೋಡೆಗೆ ಬೆನ್ನು ಒತ್ತಿ ನಿಂತ.

"ಬೆಳಿಗ್ಗೆಯಿಂದ ಹೀಗೇ ಓಡಾಡಿದೀರಾ?" ಅಂದಳು. "ಗುಂಡಿ ಒಂದು ಮೇಲೆ ಒಂದು ಕೆಳಗೆ ಹಾಕ್ಕೊಂಡಿದೀರಿ."

ಕೈ ಗಾಳಿಯಲ್ಲಿ ಎಲ್ಲೂ ತಡಕಾಡದೆ ನೇರ ಬಂದು, ಅವನ ಅಂಗಿಯ ಮೊದಲ ಗುಂಡಿಯನ್ನು ಹಿಡಿಯಿತು.